ಗಂಟು ಬಿಚ್ಚದ ಫ್ಯಾಂಟಸಿ: ನಿರಾಸೆ ಹುಟ್ಟಿದ ಪುಟ ಹುಡುಕುತ್ತಾ

ಕಾದಂಬರಿಯ ಹೆಸರು ಇಲ್ಲಿ ಬರುವುದಿಲ್ಲ. ಅದು ಲೇಖಕಿಯ ಮೊದಲ ಪುಸ್ತಕ. ಹುಡುಕಿಕೊಂಡು ಹೋಗಿ ಬೈಯುವವರಿಗೆ ವಿಳಾಸ ಕೊಡುವುದು ಬೇಡ. ಹೆಸರೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಹೇಳುತ್ತೇನೆ, ಕೊನೆಯ ಅಧ್ಯಾಯವನ್ನೂ ಸೇರಿಸಿ. ಟ್ರೈಲಜಿಯ, ಅಂದರೆ ಮೂರು ಸಂಪುಟಗಳ ಇಂಗ್ಲಿಷ್ ಸರಣಿಯ, ಮೊದಲ ಸಂಪುಟ, 496 ಪುಟ, ಈಗಷ್ಟೇ ಮುಗಿಯಿತು. ಇಂಥ ಪುಸ್ತಕ ಕೆಳಗಿಟ್ಟ ಮೇಲೆ ಹೆಚ್ಚಿನವರ ಬಾಯಿಂದ ಬರುವುದು "ಯಾಕೋ ಹಿಡಿಸಲಿಲ್ಲ" ಎಂಬ ಒಂದೇ ಮಾತು. ಆ "ಯಾಕೋ"ಗೆ ಸಾಮಾನ್ಯವಾಗಿ ಒಂದು ಪುಟಸಂಖ್ಯೆ ಇರುತ್ತದೆ. ಅದು ಸಿಕ್ಕರೆ ಪುಸ್ತಕವನ್ನು ಎಲ್ಲಿ ಬಿಡಬಹುದಿತ್ತು, ರಿವ್ಯೂನಲ್ಲಿ ಏನು ಬರೆಯಬೇಕು, ಎರಡನೇ ಸಂಪುಟಕ್ಕೆ ಕಾಯಬೇಕೋ ಬೇಡವೋ ಎಂಬುದೆಲ್ಲ ತಾನಾಗಿ ಇತ್ಯರ್ಥವಾಗುತ್ತದೆ.

ಕಥೆಯ ತಿರುಳು ಇಷ್ಟು. ಉಪ್ಪು ತೆಗೆಯುವ ಊರು, ಹದಿನೇಳರ ಹುಡುಗಿ. ಅವಳ ಮನೆತನದ ಹೆಂಗಸರು ದಾರಕ್ಕೆ ಗಂಟು ಹಾಕಿ ಮಾಟ ಮಾಡಬಲ್ಲರು. ಗಾಳಿ ನಿಲ್ಲಿಸಬಹುದು, ಗಾಯ ಕೂಡಿಸಬಹುದು. ಆದರೆ ಪ್ರತಿ ಗಂಟಿಗೂ ಒಂದು ನೆನಪು ಹೋಗುತ್ತದೆ. ಯಾವ ನೆನಪು ಹೋಗುತ್ತದೆಂದು ಗಂಟು ಹಾಕುವವಳಿಗೆ ಮೊದಲೇ ತಿಳಿಯುವುದಿಲ್ಲ, ಹೋದದ್ದು ಮರಳುವುದೂ ಇಲ್ಲ. ಇಷ್ಟು ಒಳ್ಳೆಯ ಬೀಜ ಇಟ್ಟುಕೊಂಡು ಪುಸ್ತಕ ಹೇಗೆ ಹಾಳಾಯಿತು ಎಂಬುದೇ ಮುಂದಿನ ಕಥನ.

ಕಾಯುವಿಕೆಯಿಂದ ಶುರು ಮಾಡಬೇಕು, ನಿರೀಕ್ಷೆ ಬೆಳೆಯುವುದು ಅಲ್ಲಿಯೇ. ಯಂಗ್ ಅಡಲ್ಟ್ (ಚಿಕ್ಕದಾಗಿ ವೈಎ, ಹದಿಹರೆಯದವರ) ಫ್ಯಾಂಟಸಿಗಳ ಮುಖಪುಟ ಪುಸ್ತಕ ಬರುವ ಎಷ್ಟೋ ತಿಂಗಳ ಮುಂಚೆಯೇ ಹೊರಬೀಳುತ್ತದೆ. ಹಿಂದೆಯೇ ಪ್ರೀ-ಆರ್ಡರ್ ಆಮಿಷ: ರಸೀದಿಯ ಫೋಟೋ ಅಪ್‌ಲೋಡ್ ಮಾಡಿದರೆ ಪಾತ್ರಗಳ ಚಿತ್ರ, ಬುಕ್‌ಮಾರ್ಕ್, ಸಹಿ ಮಾಡಿದ ಚೀಟಿ. ಇದರ ಹಿಂದಿನ ಲೆಕ್ಕ ಸರಳ. ತಿಂಗಳುಗಟ್ಟಲೆ ಸೇರಿದ ಪ್ರೀ-ಆರ್ಡರುಗಳು ಬಿಡುಗಡೆಯ ಮೊದಲ ವಾರದ ಮಾರಾಟಕ್ಕೆ ಒಟ್ಟಿಗೆ ಜಮೆಯಾಗುತ್ತವೆ, ಬೆಸ್ಟ್‌ಸೆಲ್ಲರ್ ಪಟ್ಟಿ ಹತ್ತಲು ಅದೇ ಏಣಿ. ಓದುಗರಿಗೆ ಇದರಿಂದ ಸಿಗುವುದು ಚಿತ್ರ ಮಾತ್ರ. ಆರ್ಡರ್ ಹಾಕುವ ಹೊತ್ತಿಗೆ ಪುಸ್ತಕದ ಒಂದು ಪುಟವನ್ನೂ ಓದಿರುವುದಿಲ್ಲ. ಉಡುಗೊರೆ ಬೇಕೇ ಬೇಕೆಂದರೆ ರಸೀದಿ, ಆರ್ಡರ್ ಸಂಖ್ಯೆ ಎರಡನ್ನೂ ತೆಗೆದಿಟ್ಟುಕೊಳ್ಳಿ. ಫಾರ್ಮ್ ತುಂಬುವ ಕೊನೆಯ ದಿನ ಬಹಳಷ್ಟು ಸಲ ಬಿಡುಗಡೆಗೆ ಮುಂಚೆಯೇ ಮುಗಿದುಹೋಗಿರುತ್ತದೆ, ಕೆಲವು ದೇಶಗಳ ವಿಳಾಸಕ್ಕೆ ಕಳಿಸುವುದೂ ಇಲ್ಲ. ಈ ಷರತ್ತು ಇರುವುದು ಸಣ್ಣ ಅಕ್ಷರದಲ್ಲಿ.

ಇದೇ ಸಮಯದಲ್ಲಿ ಓದುಗರು ಪುಸ್ತಕಗಳಿಗೆ ರೇಟಿಂಗ್ ಕೊಡುವ ತಾಣ ಗುಡ್‌ರೀಡ್ಸ್‌ನಲ್ಲಿ ನಕ್ಷತ್ರಗಳು ಕಾಣಿಸಿಕೊಳ್ಳುತ್ತವೆ. ಪುಸ್ತಕವೇ ಬಂದಿಲ್ಲ, ರೇಟಿಂಗ್ ಎಲ್ಲಿಂದ? ನೆಟ್‌ಗ್ಯಾಲಿಯಂಥ ತಾಣಗಳ ಮೂಲಕ ಮುಂಗಡ ಪ್ರತಿ ಪಡೆದವರು ಕೊಟ್ಟದ್ದು. ಅವರು ಸುಳ್ಳು ಹೇಳುತ್ತಾರೆಂದಲ್ಲ. ಈ ಪುಸ್ತಕವೇ ಬೇಕೆಂದು ಕೇಳಿ ಪಡೆದವರು, ಆ ಬಗೆಯ ಕಥೆಯನ್ನು ಮೊದಲೇ ಮೆಚ್ಚಿದವರು. ಸರಾಸರಿ ಮೇಲಕ್ಕೆ ಹೋಗುವುದು ಸಹಜ. ಈ ಹಂತದಲ್ಲಿ ಒಟ್ಟು ಅಂಕಿ ನೋಡಬೇಡಿ, ಐದು ನಕ್ಷತ್ರದ ಉದ್ಗಾರಗಳನ್ನೂ ಒಂದು ನಕ್ಷತ್ರದ ಕೋಪವನ್ನೂ ಪಕ್ಕಕ್ಕಿಟ್ಟು ಮೂರು ನಕ್ಷತ್ರದ ರಿವ್ಯೂಗಳನ್ನು ಮಾತ್ರ ಫಿಲ್ಟರ್ ಮಾಡಿ ಓದಿ. ಅಲ್ಲಿ ಜನ ಏನು ಹಿಡಿಸಿತು, ಏನು ಹಿಡಿಸಲಿಲ್ಲ ಎರಡನ್ನೂ ಬರೆದಿರುತ್ತಾರೆ. ಒಂದೇ ದೂರು ಮೂರು ಬೇರೆ ಬೇರೆ ರಿವ್ಯೂಗಳಲ್ಲಿ ಬಂದರೆ ಅದು ಪುಸ್ತಕದಲ್ಲಿ ಇದ್ದೇ ಇರುತ್ತದೆ. ಈ ಪುಸ್ತಕದ ಬಗ್ಗೆ ಹಾಗೆ ಬಂದಿದ್ದ ದೂರು "ಅರಮನೆ ಸೇರಿದ ಮೇಲೆ ಜಾಳಾಯಿತು" ಎಂಬುದು.

ಬ್ಲರ್ಬ್ ಬಗ್ಗೆಯೂ ಒಂದು ಮಾತು. ಬೆನ್ನಿನ ಮೇಲಿನ ಬರಹ ಸಾಮಾನ್ಯವಾಗಿ ಪ್ರಕಾಶಕರ ಕಡೆಯವರು ಬರೆಯುವುದು, ಲೇಖಕರಲ್ಲ. ಇತ್ತೀಚೆಗೆ ಅದರ ಜೊತೆ ಬಾಣದ ಗುರುತು ಹಾಕಿದ ಟ್ರೋಪ್ (ಕಥೆಗಳಲ್ಲಿ ಪದೇ ಪದೇ ಬರುವ ಸನ್ನಿವೇಶ) ಚಿತ್ರವೂ ಬರುತ್ತದೆ: ಶತ್ರುಗಳಿಂದ ಪ್ರೇಮಿಗಳು, ಇಬ್ಬರಿಗೆ ಒಂದೇ ಹಾಸಿಗೆ, ಮಾರಣಾಂತಿಕ ಸ್ಪರ್ಧೆ, ಗುಟ್ಟಿನ ರಾಜವಂಶ. ಇದು ಸಾಮಾನಿನ ಪಟ್ಟಿ. ಅಡುಗೆ ಹೇಗಾಗಿದೆ ಎಂಬುದು ಇದರಿಂದ ತಿಳಿಯುವುದಿಲ್ಲ. ಆದರೂ ಈ ಬರಹವನ್ನು ಎಸೆಯದೆ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಓದಿ ಮುಗಿಸಿದ ಮೇಲೆ ಕೈಕೊಟ್ಟದ್ದು ಕಾದಂಬರಿಯೋ ಜಾಹೀರಾತೋ ಎಂದು ಬೇರ್ಪಡಿಸಲು ಇದು ಬೇಕಾಗುತ್ತದೆ. ಈ ಎರಡನ್ನು ಕಲಸಿ ಲೇಖಕರ ತಲೆಗೆ ಕಟ್ಟುವ ರಿವ್ಯೂಗಳು ಬೇಕಾದಷ್ಟಿವೆ. ಇಲ್ಲಿ ನೆನಪಿನ ಬೆಲೆ ಬ್ಲರ್ಬಿನ ಮೊದಲ ಸಾಲಿನಲ್ಲಿಯೇ ಇತ್ತು, ಕಾದಂಬರಿಯ ಮೊದಲ ಅಧ್ಯಾಯದಲ್ಲಿಯೂ ಇತ್ತು. ಹಾಗಾಗಿ ಆ ಮಾತಿಗೆ ಇಬ್ಬರೂ ಬಾಧ್ಯರು.

ವೈಎ ಎಂಬ ಪಟ್ಟಿಯೇ ಇನ್ನೊಂದು ಗೊಂದಲ. ಹೆಸರಿಗೆ ಇದು 12ರಿಂದ 18 ವರ್ಷದವರ ವಿಭಾಗ. ಆದರೆ ಅಮೆರಿಕದ ಬೌಕರ್ ಸಂಸ್ಥೆ 2012ರಲ್ಲಿ ಹೊರತಂದ ಸಮೀಕ್ಷೆಯಲ್ಲಿ ಈ ಪುಸ್ತಕಗಳನ್ನು ಕೊಳ್ಳುವವರಲ್ಲಿ 55 ಶೇಕಡಾ ಜನ 18 ದಾಟಿದವರೆಂದು ಕಂಡುಬಂತು; 30ರಿಂದ 44 ವರ್ಷದವರ ಪಾಲೇ ಮಾರಾಟದ 28 ಶೇಕಡಾ, ಅದೂ ಹೆಚ್ಚಾಗಿ ತಮ್ಮ ಓದಿಗೆಂದೇ ಕೊಂಡದ್ದು. ಅದಕ್ಕೂ ಮುಂಚೆ, 2009ರಲ್ಲಿಯೇ, ಪ್ರಕಾಶನ ಸಂಸ್ಥೆ ಸೇಂಟ್ ಮಾರ್ಟಿನ್ಸ್ ಪ್ರೆಸ್ 18 ದಾಟಿದ ಓದುಗರ ಪುಸ್ತಕಗಳಿಗೆ "ನ್ಯೂ ಅಡಲ್ಟ್" ಎಂಬ ಹೆಸರನ್ನು ಚಲಾವಣೆಗೆ ತಂದಿತ್ತು. ಇದರ ಫಲವಾಗಿ ಹದಿನೇಳರ ಹುಡುಗಿಯ ವಯಸ್ಸು, ಇಪ್ಪತ್ತೈದರವಳ ಮಾತು, ಮೂವತ್ತರ ಓದುಗರಿಗೆಂದು ಬರೆದ ಪ್ರಣಯ ಒಂದೇ ಪುಸ್ತಕದಲ್ಲಿ ತುರುಕಿಕೊಂಡಿರುತ್ತವೆ. ನಾಯಕಿಯ ವಯಸ್ಸು ನಂಬಿಕೆಗೆ ಬರುತ್ತಿಲ್ಲ ಅನ್ನಿಸಿದರೆ ಕಾರಣ ಬಹುಪಾಲು ಇಲ್ಲಿರುತ್ತದೆ. ಇದೇ ಮಾತಿನ ಇನ್ನೊಂದು ಮುಖವನ್ನೂ ಹೇಳಬೇಕು. ಹದಿಹರೆಯದ ಪಾತ್ರ ದುಡುಕುತ್ತದೆ, ಒಂದೇ ನೋಟಕ್ಕೆ ಮರುಳಾಗುತ್ತದೆ, ಅಮ್ಮನ ಮೇಲೆ ವಿನಾಕಾರಣ ಸಿಡುಕುತ್ತದೆ. ಅದು ದೋಷವಲ್ಲ, ಆ ವಯಸ್ಸು. "ನಾಯಕಿ ಪೆದ್ದಿ" ಎಂದು ಬರೆಯುವ ಮೊದಲು ಅವಳ ಪೆದ್ದುತನಕ್ಕೆ ಕಥೆಯೊಳಗೆ ಫಲ ಉಂಟೋ ಇಲ್ಲವೋ ನೋಡಿ. ಫಲ ಇದ್ದರೆ ಅದು ಪಾತ್ರರಚನೆ, ಇಲ್ಲದಿದ್ದರೆ ಮಾತ್ರ ದೂರು.

ತಗಲುವ ವೆಚ್ಚ ಯಾವುದೆಂದರೆ ಹಣಕ್ಕಿಂತ ಮುಖ್ಯವಾಗಿ ಗಂಟೆಗಳು. 496 ಪುಟವೆಂದರೆ ಹತ್ತಿರಹತ್ತಿರ 1.2 ಲಕ್ಷ ಪದ. ಇಂಗ್ಲಿಷಿನಲ್ಲಿ ಕಥೆ ಓದುವವರ ಸರಾಸರಿ ವೇಗ ನಿಮಿಷಕ್ಕೆ 260 ಪದದಷ್ಟು ಎಂದು ಮನೋವಿಜ್ಞಾನಿ ಮಾರ್ಕ್ ಬ್ರಿಸ್‌ಬಾರ್ಟ್ 2019ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದ್ದಾರೆ. ಆ ವೇಗಕ್ಕೆ ಈ ಪುಸ್ತಕ ಏಳೂವರೆ ಗಂಟೆಗೆ ತುಸು ಮೇಲೆ. ಇಂಗ್ಲಿಷ್ ಎರಡನೇ ಭಾಷೆಯಾದವರಿಗೆ ಹತ್ತು ಹನ್ನೊಂದು ಗಂಟೆ ಆದರೂ ಆಶ್ಚರ್ಯವಿಲ್ಲ. ಆಡಿಯೋಬುಕ್ ಗಂಟೆಗೆ ಸುಮಾರು 9,300 ಪದ ಓಡುತ್ತದೆ, ಅಂದರೆ ಹದಿಮೂರು ಗಂಟೆ. ಟ್ರೈಲಜಿಯೆಂದರೆ ಇದರ ಮೂರು ಪಟ್ಟು, ನಡುವೆ ವರ್ಷಗಳ ಕಾಯುವಿಕೆ ಬೇರೆ. ಇಷ್ಟು ಗಂಟೆ ಹೂಡುವ ಮುನ್ನ ಸ್ಯಾಂಪಲ್ ಓದುವುದು ವಾಡಿಕೆ.

ಸ್ಯಾಂಪಲ್‌ನ ಎಡವಟ್ಟು ಗೊತ್ತಿರಲಿ. ಅಮೆಜಾನಿನ ಇ-ಪುಸ್ತಕ ವ್ಯವಸ್ಥೆಯಾದ ಕಿಂಡಲ್‌ನ ಸ್ಯಾಂಪಲ್ ಸಾಮಾನ್ಯವಾಗಿ ಪುಸ್ತಕದ ಮೊದಲ 10 ಶೇಕಡಾ. ಫ್ಯಾಂಟಸಿಯಲ್ಲಿ ಅದರೊಳಗೇ ಎರಡು ಪುಟದ ನಕ್ಷೆ, ಅರ್ಪಣೆ, ಹೆಸರುಗಳ ಉಚ್ಚಾರಣೆಯ ಪಟ್ಟಿ, ಇಲ್ಲದ ಧರ್ಮಗ್ರಂಥದ ಉದ್ಧರಣೆ, ಪೀಠಿಕೆ ಎಲ್ಲ ಸೇರಿರುತ್ತವೆ. ಉಳಿಯುವುದು ಮೂರು ಅಧ್ಯಾಯ. ಆ ಮೂರು ಅಧ್ಯಾಯ ಪುಸ್ತಕದಲ್ಲಿಯೇ ಅತ್ಯಂತ ತೀಡಿದ ಭಾಗ, ಏಕೆಂದರೆ ಹೊಸ ಲೇಖಕರು ಪ್ರಕಾಶಕರನ್ನು ಹುಡುಕಿಕೊಡುವ ಏಜೆಂಟರಿಗೆ ಮೊದಲು ಕಳಿಸುವುದೇ ಆರಂಭದ ಪುಟಗಳನ್ನು. ಅವನ್ನು ವರ್ಷಗಟ್ಟಲೆ ತಿದ್ದಿರುತ್ತಾರೆ. ನಡುವಿನ ಇನ್ನೂರು ಪುಟಕ್ಕೆ ಆ ಭಾಗ್ಯ ಇರುವುದಿಲ್ಲ. ಆದ್ದರಿಂದ ಮುದ್ರಿತ ಪ್ರತಿ ಎಲ್ಲಾದರೂ ಕೈಗೆ ಸಿಕ್ಕರೆ ಅರ್ಧ ದಾಟಿ, ಒಟ್ಟು ಪುಟದ ಶೇಕಡಾ 60ರ ಆಸುಪಾಸಿನಲ್ಲಿ ತೆರೆದು ಎರಡು ಪುಟ ಓದಿ. ಕಥೆಯ ಗುಟ್ಟು ಅಷ್ಟರಲ್ಲಿ ಒಡೆಯುವುದಿಲ್ಲ. ಗಮನಿಸಬೇಕಾದದ್ದು ಎರಡು: ಸಂಭಾಷಣೆ ಮಾಡುತ್ತಿರುವವರು ಯಾರೆಂದು ಹೆಸರು ಮುಚ್ಚಿದರೂ ತಿಳಿಯುತ್ತದೆಯೇ, ಮತ್ತು ಆ ಎರಡು ಪುಟದಲ್ಲಿ ಏನಾದರೂ ಬದಲಾಗುತ್ತದೆಯೇ.

ಈ ಪುಸ್ತಕದ ಸ್ಯಾಂಪಲ್ ಮುಗಿಯುವುದು 41ನೇ ಪುಟದ ದೃಶ್ಯದಲ್ಲಿ. ಬಿರುಗಾಳಿಗೆ ಸಿಕ್ಕ ದೋಣಿಗಳನ್ನು ದಡಕ್ಕೆ ತರಲು ತಾಯಿ ಒಂದು ಗಂಟು ಹಾಕುತ್ತಾಳೆ. ದೋಣಿಗಳು ಬರುತ್ತವೆ. ತಿರುಗಿ ನೋಡಿ ಮಗಳನ್ನು "ನೀನು ಯಾರ ಮನೆಯವಳಮ್ಮ?" ಎಂದು ಕೇಳುತ್ತಾಳೆ. ಒಂದು ವಿಶೇಷಣ ಹೆಚ್ಚಿಲ್ಲ, ಅಳು ಇಲ್ಲ. ಮಗಳು ತನ್ನ ಮನೆಯ ಹೆಸರು ಹೇಳುತ್ತಾಳೆ, ಅಧ್ಯಾಯ ಮುಗಿಯುತ್ತದೆ. ಇಂಥದ್ದನ್ನು ಬರೆದ ಕೈ ಮುಂದೆ ಅಂಥದ್ದನ್ನು ಹೇಗೆ ಬರೆಯಿತು ಎಂಬ ಸಂಕಟ ಕೊನೆಯವರೆಗೂ ಬಿಡಲಿಲ್ಲ. ಕೆಟ್ಟ ಪುಸ್ತಕದಿಂದ ಯಾರಿಗೂ ನಿರಾಸೆಯಾಗುವುದಿಲ್ಲ, ಮುಚ್ಚಿಟ್ಟು ಬೇರೆಯದಕ್ಕೆ ಹೋಗುತ್ತಾರೆ.

ಮೊದಲ ಅರವತ್ತು ಪುಟ ಓದುವಾಗ ಒಂದು ಹಾಳೆ ಜೊತೆಗಿರಲಿ. ಮೂರು ಕಲಂ ಸಾಕು: ಪುಟ, ಪುಸ್ತಕ ಕೊಟ್ಟ ಮಾತು, ತೀರಿತೋ ಇಲ್ಲವೋ. ಮಾತು ಎಂದರೆ ಮಾಟದ ನಿಯಮ, ಯಾರೋ ಇಟ್ಟ ಆಣೆ, ನಕ್ಷೆಯಲ್ಲಿ ದೊಡ್ಡದಾಗಿ ಬರೆದ ಊರು, "ಅದರ ಬಗ್ಗೆ ಆಮೇಲೆ ಹೇಳುತ್ತೇನೆ" ಎಂದು ಮುದುಕಿಯೊಬ್ಬಳು ತಪ್ಪಿಸಿಕೊಂಡ ಪ್ರಶ್ನೆ. ಹತ್ತಕ್ಕಿಂತ ಹೆಚ್ಚು ಬರೆಯುವ ಅಗತ್ಯ ಬೀಳುವುದಿಲ್ಲ. ಈ ಹಾಳೆಯಲ್ಲಿ ಮೇಲೆ ಬಂದದ್ದು ಮಾಟದ ಮೂರು ನಿಯಮ: ಗಂಟಿಗೊಂದು ನೆನಪು, ಆಯ್ಕೆ ಇಲ್ಲ, ವಾಪಸಿಲ್ಲ. ಇವುಗಳ ತೂಕ ಎಷ್ಟೆಂದು ತಿಳಿಯಲು ಫ್ಯಾಂಟಸಿ ಲೇಖಕ ಬ್ರಾಂಡನ್ ಸ್ಯಾಂಡರ್ಸನ್ 2007ರಲ್ಲಿ ಬರೆದ ಸೂತ್ರ ನೆರವಿಗೆ ಬರುತ್ತದೆ. ಮಾಟದಿಂದ ಸಂಕಷ್ಟ ಬಿಡಿಸಬೇಕಾದರೆ ಆ ಮಾಟ ಓದುಗನಿಗೆ ಎಷ್ಟರ ಮಟ್ಟಿಗೆ ಅರ್ಥವಾಗಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಬಿಡಿಸುವಿಕೆ ಒಪ್ಪಿಗೆಯಾಗುತ್ತದೆ ಎಂಬುದು ಅದರ ಸಾರ. ಮಾಟ ನಿಗೂಢವಾಗಿಯೇ ಇರಲಿ ಎನ್ನುವ ಲೇಖಕರೂ ಇದ್ದಾರೆ, ಅದೂ ಸರಿಯೇ, ಆದರೆ ಆಗ ಅದು ನಾಯಕಿಯನ್ನು ಕಷ್ಟದಿಂದ ಎತ್ತಿಹಿಡಿಯಬಾರದು. ನಮ್ಮ ಲೇಖಕಿ ನಿಯಮ ಕೊಟ್ಟು ಆಟಕ್ಕೆ ಇಳಿದವರು.

ಕಾಲುಭಾಗ ಮುಗಿಯುವ ಹೊತ್ತಿಗೆ ಹುಡುಗಿಯನ್ನು ಅರಮನೆಗೆ ಹಿಡಿದೊಯ್ಯುತ್ತಾರೆ. ಅಲ್ಲಿ ರಾಣಿಯ ಗಂಟುಗಾತಿಯಾಗಲು ಏಳು ಸುತ್ತಿನ ಸ್ಪರ್ಧೆ, ಸೋತವರಿಗೆ ಸಾವು. ಅಂದರೆ ನಿಜವಾದ ಕಥೆ ಶುರುವಾಗಬೇಕಾದ ಜಾಗ. ಪುಸ್ತಕ ಬಿಡುವ ಮೊದಲ ಕಟ್ಟೆಯೂ ಇದೇ. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಅವರ ಐವತ್ತರ ನಿಯಮ ಬಹಳ ಓದುಗರಿಗೆ ಗೊತ್ತು: ಐವತ್ತು ಪುಟ ಓದಿ, ಹಿಡಿಸದಿದ್ದರೆ ಬಿಡಿ, ವಯಸ್ಸು ಐವತ್ತು ದಾಟಿದ್ದರೆ ನೂರರಿಂದ ವಯಸ್ಸನ್ನು ಕಳೆದು ಉಳಿದಷ್ಟು ಪುಟ ಓದಿದರೆ ಸಾಕು. ಒಳ್ಳೆಯ ನಿಯಮ, ಆದರೆ ಐನೂರು ಪುಟದ ಫ್ಯಾಂಟಸಿಗೆ ಐವತ್ತು ಪುಟ ಸಾಲದು. ಅಷ್ಟು ಹೊತ್ತಿಗೆ ಊರಿನ ಪರಿಚಯವೇ ಮುಗಿದಿರುವುದಿಲ್ಲ. ಪಾತ್ರ ತನ್ನ ಊರು ಬಿಟ್ಟು ಹೊಸ ಜಾಗ ಸೇರಿದ ಮೇಲೆ ಎರಡು ಅಧ್ಯಾಯ ಕೊಟ್ಟು ಆಮೇಲೆ ತೀರ್ಮಾನಿಸುವುದು ಲೇಸು. ಹೊಸ ಜಾಗದಲ್ಲಿ ಹಳೆಯ ಪ್ರಶ್ನೆ ಜೀವಂತವಾಗಿದ್ದರೆ ಮುಂದುವರಿಯಿರಿ.

ಇಲ್ಲಿ ಜೀವಂತವಾಗಿರಲಿಲ್ಲ. ಅರಮನೆ ಸೇರಿದ ಮೇಲೆ ಉಪ್ಪಿನ ಊರು ಮಾಯ. ಮಗಳನ್ನೇ ಮರೆತ ತಾಯಿಯ ನೆನಪು ನೂರು ಪುಟದಲ್ಲಿ ಎರಡೇ ಸಲ ಬರುತ್ತದೆ, ಎರಡೂ ಸಲ ರಾಜಕುಮಾರನಿಗೆ ಅನುಕಂಪ ಬರಿಸಲು. ಏಳು ಸುತ್ತುಗಳಲ್ಲಿ ಮೂರನ್ನು ಪೂರ್ತಿ ತೋರಿಸುತ್ತಾರೆ, ಎರಡು ಒಂದೊಂದು ಪ್ಯಾರಾದಲ್ಲಿ ಮುಗಿಯುತ್ತವೆ, ಉಳಿದೆರಡು ರಾಣಿಯ ಆಜ್ಞೆಯಿಂದ ರದ್ದು. ಸಾಯುವ ಸ್ಪರ್ಧಿಗಳಲ್ಲಿ ಹೆಸರಿದ್ದವಳು ಒಬ್ಬಳೇ. ಸ್ಪರ್ಧೆಯ ಕಥೆಗಳಲ್ಲಿ ಪದೇ ಪದೇ ಆಗುವ ತೊಂದರೆ ಇದು: ಸುತ್ತುಗಳ ಸಂಖ್ಯೆಯನ್ನು ಆರಂಭದಲ್ಲಿಯೇ ಘೋಷಿಸಿಬಿಡುತ್ತಾರೆ, ಬರೆಯುತ್ತಾ ಹೋದಂತೆ ಪ್ರತಿ ಸುತ್ತಿಗೂ ಹೊಸ ಅಪಾಯ ಕಟ್ಟುವುದು ಕಷ್ಟವಾಗುತ್ತದೆ. ಮೂರು ಸುತ್ತು ಎಂದು ಹೇಳಿ ಮೂರನ್ನೂ ತೋರಿಸಿದ್ದರೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ.

ದೊಡ್ಡ ಅವಕಾಶ ಕೈಜಾರಿದ್ದು ನಿರೂಪಣೆಯಲ್ಲಿ. ಕಥೆ "ನಾನು" ಎಂದು, ವರ್ತಮಾನ ಕಾಲದಲ್ಲಿ ನಡೆಯುತ್ತದೆ. ಈಗಿನ ವೈಎಗಳಲ್ಲಿ ಬಹಳಷ್ಟು ಹೀಗೆಯೇ. ಓದುಗ ಪಾತ್ರದ ತಲೆಯೊಳಗೇ ಇರುತ್ತಾನೆ ಎಂಬ ಲಾಭವಿದೆ. ನೆನಪು ಕಳೆದುಕೊಳ್ಳುವ ಹುಡುಗಿಯೇ ಕಥೆ ಹೇಳುತ್ತಿದ್ದರೆ? ಮೂವತ್ತನೇ ಪುಟದಲ್ಲಿ ನಾವು ಓದಿದ ತಮ್ಮನ ಹೆಸರು ಇನ್ನೂರನೇ ಪುಟದಲ್ಲಿ ಅವಳಿಗೆ ಗೊತ್ತಿರಬಾರದು. ನಮಗೆ ಗೊತ್ತು, ಅವಳಿಗಿಲ್ಲ. ಎದೆ ಹಿಂಡುವಂಥ ಸಂಗತಿ. ಆಕೆ ಹೇಳುವುದನ್ನೇ ನಂಬಬೇಕೋ ಬೇಡವೋ ಎಂಬ ಅನುಮಾನವೂ ಹುಟ್ಟುತ್ತದೆ. ಪುಸ್ತಕ ಇದನ್ನು ಒಂದೇ ಒಂದು ಸಲ ಬಳಸುತ್ತದೆ, ಒಂದು ಹಾಡಿನ ಎರಡನೇ ಸಾಲು ಅವಳಿಗೆ ಬಾರದೆ ಹೋಗುವ ಕಡೆ. ಉಳಿದಂತೆ ಅವಳು ಗಂಟು ಹಾಕುತ್ತಾ ಹೋಗುತ್ತಾಳೆ, "ಏನೋ ಹೋದ ಹಾಗಾಯಿತು" ಎನ್ನುತ್ತಾಳೆ, ಏನು ಹೋಯಿತೆಂದು ಓದುಗರಿಗೂ ತಿಳಿಯುವುದಿಲ್ಲ. ಗೊತ್ತಿಲ್ಲದ್ದನ್ನು ಕಳೆದುಕೊಂಡರೆ ನೋವು ಯಾರಿಗೆ?

"ನಾನು" ನಿರೂಪಣೆಯ ಇನ್ನೊಂದು ತೊಡಕು ಕದ್ದು ಕೇಳುವಿಕೆ. ನಾಯಕಿ ಇರದ ಕಡೆ ಏನು ನಡೆಯಿತೆಂದು ತಿಳಿಸಲು ದಾರಿಯಿಲ್ಲ. ಅದಕ್ಕೆ ಅವಳು ಪರದೆಯ ಹಿಂದೆ, ಬಾಗಿಲ ಸಂದಿಯಲ್ಲಿ, ಕುದುರೆ ಲಾಯದ ಅಟ್ಟದಲ್ಲಿ ನಿಂತು ರಾಜ್ಯದ ಗುಟ್ಟೆಲ್ಲ ಕೇಳಿಸಿಕೊಳ್ಳುತ್ತಾಳೆ. ಒಂದು ಸಲಕ್ಕೆ ಸರಿ, ಎರಡಕ್ಕೂ ಸೈ; ಮೂರನೆಯದಕ್ಕೆ ರಾಣಿ ಬಾಗಿಲು ಹಾಕಿಕೊಳ್ಳಬಾರದೇ ಅನ್ನಿಸುತ್ತದೆ. ನಕ್ಷೆಯ ಕಥೆಯೂ ಅಷ್ಟೇ. ಊರಿಂದ ರಾಜಧಾನಿಗೆ ಬರುವಾಗ ಹಿಡಿದದ್ದು ಒಂಬತ್ತು ದಿನ, ಅವಸರ ಬಂದಾಗ ಅದೇ ದಾರಿ ಎರಡು ರಾತ್ರಿ. ನಕ್ಷೆಯ ಉತ್ತರದಲ್ಲಿ ಸೊಗಸಾಗಿ ಬಿಡಿಸಿದ ಮೂರು ರಾಜ್ಯಗಳಿಗೆ ಈ ಸಂಪುಟದಲ್ಲಿ ಯಾರೂ ಕಾಲಿಡುವುದಿಲ್ಲ. ಮುಂದಿನ ಸಂಪುಟಕ್ಕಿರಬಹುದು, ಇರಲಿ.

ನಡುವಿನ ಭಾಗದ ತ್ರಿಕೋನ ಪ್ರೇಮದ ಬಗ್ಗೆ ಹೆಚ್ಚು ಬರೆಯುವುದಕ್ಕೇನಿಲ್ಲ. ಒಬ್ಬ ರಾಜಕುಮಾರ, ಒಬ್ಬ ಕೊಲೆಗಡುಕ, ಇಬ್ಬರ ಕಣ್ಣಿಗೂ ಪುಟಕ್ಕೊಂದು ಹೋಲಿಕೆ. ತಾನು ಹಿಡಿದಿಟ್ಟಿದ್ದೇನೆಂದೇ ಅರಿವಿರದ ಉಸಿರನ್ನು ನಾಯಕಿ ಹೊರಬಿಡುವ ಆ ಪ್ರಸಿದ್ಧ ವಾಕ್ಯವೂ ಇದೆ, ಒಂದಕ್ಕಿಂತ ಹೆಚ್ಚು ಸಲ.

ಅರ್ಧ ದಾಟಿದ ಮೇಲೆ ಓದುಗರ ಕಾಲಿಗೆ ತೊಡರುವುದು ಪುಸ್ತಕವಲ್ಲ, "ಇಷ್ಟು ಓದಿದ್ದಾಯಿತು, ಈಗ ಬಿಡುವುದೇ?" ಎಂಬ ಲೆಕ್ಕ. ಈ ಲೆಕ್ಕ ಎಷ್ಟು ಬಲವಾದದ್ದೆಂದು ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಎಂಬ ಸಂಶೋಧಕರು 1985ರಲ್ಲಿ ತೋರಿಸಿದ್ದರು. ನಾಟಕದ ಸೀಸನ್ ಟಿಕೆಟನ್ನು ಪೂರ್ತಿ ಬೆಲೆಗೆ ಕೊಂಡವರು, ಅದನ್ನೇ ರಿಯಾಯಿತಿಯಲ್ಲಿ ಪಡೆದವರಿಗಿಂತ ಸೀಸನ್ನಿನ ಮೊದಲರ್ಧದಲ್ಲಿ ಹೆಚ್ಚು ನಾಟಕಗಳಿಗೆ ಹೋದರು. ನಾಟಕ ಇಬ್ಬರಿಗೂ ಒಂದೇ, ಬೇರೆಯಾಗಿದ್ದದ್ದು ಆಗಲೇ ಕೊಟ್ಟುಬಿಟ್ಟ ಹಣ. ಪುಸ್ತಕಕ್ಕೂ ಇದು ಹೊಂದುತ್ತದೆ: ಓದಿದ ಗಂಟೆ ಮರಳುವುದಿಲ್ಲ, ಕೇಳಿಕೊಳ್ಳಬೇಕಾದದ್ದು ಉಳಿದ ಗಂಟೆಗಳ ಬಗ್ಗೆ ಮಾತ್ರ. ಇಲ್ಲಿ ಮುಂದುವರಿಸಲು ಒಂದು ನ್ಯಾಯವಾದ ಕಾರಣವಿತ್ತು. ಹಾಳೆಯಲ್ಲಿ ಬರೆದ ಮೂರು ನಿಯಮಗಳಿಗೆ ಅಂತ್ಯದಲ್ಲಿ ಏನಾಗುತ್ತದೆಂಬ ಕುತೂಹಲ. ಅಂಥ ಒಂದು ನಿರ್ದಿಷ್ಟ ಪ್ರಶ್ನೆ ನಿಮಗೂ ಉಳಿದಿದ್ದರೆ ಓದಿ. ಇಲ್ಲವಾದರೆ ಅಧ್ಯಾಯಗಳ ಮೊದಲ ಮತ್ತು ಕೊನೆಯ ಪುಟ ಓದುತ್ತಾ ದಾಟಿಹೋಗಿ, ಯಾರೂ ದಂಡ ಹಾಕುವುದಿಲ್ಲ. ಆಡಿಯೋ ಇದ್ದರೆ ವೇಗ ಏರಿಸಬಹುದು. ಒಂದೂವರೆ ಪಟ್ಟಿಗೆ ಹದಿಮೂರು ಗಂಟೆಯದು ಒಂಬತ್ತಕ್ಕಿಂತ ಕೆಳಗಿಳಿಯುತ್ತದೆ. ಆದರೆ ಹೆಸರುಗಳು ವಿಚಿತ್ರವಾಗಿರುವ ಫ್ಯಾಂಟಸಿಯಲ್ಲಿ ಅದಕ್ಕಿಂತ ಹೆಚ್ಚಿಸಿದರೆ ಯಾರು ಯಾರೆಂದು ಕಲಸಿಹೋಗುತ್ತದೆ.

ಕೊನೆಗೂ 451ನೇ ಪುಟ. ಕಡಲು ಉಕ್ಕಿ ರಾಜಧಾನಿಯ ಮೇಲೆ ಬೀಳುತ್ತಿದೆ. ಹುಡುಗಿ ಗೋಪುರ ಹತ್ತಿ, ಮೀನು ಹಿಡಿಯುವ ಬಲೆಯೊಂದನ್ನು ಎಳೆದುಕೊಂಡು, ಸಾವಿರ ಗಂಟು ಹಾಕುತ್ತಾಳೆ. ಮೂರು ನಿಯಮಗಳ ಪ್ರಕಾರ ಇಳಿದು ಬರುವವಳಿಗೆ ತನ್ನ ಹೆಸರೂ ಗೊತ್ತಿರಬಾರದು. ಓದುಗರೆಲ್ಲ ಇದಕ್ಕೇ ಕಾಯುತ್ತಿರುತ್ತಾರೆ, ತಾಯಿಗೂ ಮಗಳಿಗೂ ಈಗ ಒಂದೇ ಸ್ಥಿತಿ ಎಂದುಕೊಂಡು. ಅವಳು ಇಳಿಯುತ್ತಾಳೆ, ರಾಜಕುಮಾರನನ್ನು ಹೆಸರು ಹಿಡಿದು ಕರೆಯುತ್ತಾಳೆ, ತಬ್ಬಿಕೊಳ್ಳುತ್ತಾಳೆ. ಒಂದು ನೆನಪೂ ಹೋಗಿಲ್ಲ. ಕಾರಣ ಆರು ಪುಟದ ನಂತರ: ಅವಳಲ್ಲಿ ಮೊದಲ ರಾಣಿಯ ರಕ್ತವಿದೆ, ಆ ರಕ್ತಕ್ಕೆ ಗಂಟಿನ ಬೆಲೆ ತಗಲುವುದಿಲ್ಲ.

ಹಾಗಾದರೆ ತಾಯಿಗೆ ಯಾಕೆ ತಗಲಿತು? ರಕ್ತ ಬಂದದ್ದು ತಂದೆಯ ಕಡೆಯಿಂದಂತೆ. ಸರಿ, ಹಾಗಾದರೆ ಇವಳಿಗೇ ಆ ಹಾಡಿನ ಸಾಲು ಮರೆತದ್ದು ಹೇಗೆ? ಉತ್ತರವಿಲ್ಲ. ನಿಯಮ ಮುರಿಯಬಾರದೆಂದಲ್ಲ, ಮುರಿಯುವುದೇ ಎಷ್ಟೋ ಕಥೆಗಳ ಸೊಗಸು. ಮುರಿಯುವ ಮುಂಚೆ ಬಿರುಕು ಕಾಣಿಸಿರಬೇಕು. ನೂರನೇ ಪುಟದಲ್ಲಿ ಒಂದು ಗಂಟಿಗೆ ಏನೂ ಹೋಗದೆ ಅವಳಿಗೇ ಅಚ್ಚರಿಯಾಗಿದ್ದಿದ್ದರೆ ಸಾಕಿತ್ತು, 457ನೇ ಪುಟ ಗುಟ್ಟು ಬಯಲಾದಂತೆ ಆಗುತ್ತಿತ್ತೇ ಹೊರತು ವಂಚನೆಯಾಗುತ್ತಿರಲಿಲ್ಲ.

ಇಂಥ ದೂರು ಬರೆಯುವ ಮುನ್ನ ಖಾತ್ರಿ ಮಾಡಿಕೊಳ್ಳಿ, ಮುಂಚೆ ಎಲ್ಲೋ ಸುಳಿವು ಇದ್ದಿರಬಹುದು. ಇ-ಪುಸ್ತಕದಲ್ಲಿ ಇದು ಐದು ನಿಮಿಷದ ಕೆಲಸ. ಸರ್ಚ್‌ನಲ್ಲಿ ನಿಯಮಕ್ಕೆ ಸಂಬಂಧಿಸಿದ ಪದ ಹಾಕಿ, ಬಂದ ಫಲಿತಾಂಶಗಳನ್ನು ಪುಟದ ಕ್ರಮದಲ್ಲಿ ನೋಡುತ್ತಾ ಹೋಗಿ. "ನೆನಪು", "ಮರೆವು" ಎರಡಕ್ಕೂ ಹುಡುಕಿದಾಗ ಕಂಡದ್ದು: ಮೊದಲ ಮೂರನೇ ಒಂದು ಭಾಗದಲ್ಲಿ ನೂರರ ಹತ್ತಿರ, ಕೊನೆಯ ನೂರು ಪುಟದಲ್ಲಿ ಬೆರಳೆಣಿಕೆ. "ರಕ್ತ" ಎಂದು ಹುಡುಕಿದರೆ ವಂಶದ ಅರ್ಥದಲ್ಲಿ ಮೊದಲ ಸಲ ಬರುವುದು ಮುನ್ನೂರು ಪುಟ ದಾಟಿದ ಮೇಲೆ, ಅದೂ ಹಾಸ್ಯದ ಮಾತಾಗಿ. ಹುಟ್ಟಿದ ಅನುಮಾನಕ್ಕೆ ಇದೇ ಪುರಾವೆ. ಪುಸ್ತಕ ತನ್ನ ಪ್ರಶ್ನೆಯನ್ನು ಕೈಬಿಟ್ಟದ್ದು ಅಂತ್ಯದಲ್ಲಲ್ಲ, ಅರಮನೆಯ ಬಾಗಿಲಲ್ಲಿ. ಅಂತ್ಯದಲ್ಲಿ ಗೊತ್ತಾದದ್ದು ಅಷ್ಟೇ.

ಮುಗಿಯುವುದರಲ್ಲಿಯೂ ಒಂದು ಅನಿರೀಕ್ಷಿತ ಎಡವು. ಇ-ಪುಸ್ತಕದಲ್ಲಿ 92 ಶೇಕಡಾ ತೋರಿಸುತ್ತಿದೆ, ಇನ್ನೂ ಎರಡು ಅಧ್ಯಾಯವಾದರೂ ಇದೆ ಎಂದುಕೊಂಡಿರುವಾಗಲೇ ರಾಣಿಯ ಶವದ ಕೈಬೆರಳು ಅಲುಗುತ್ತದೆ, ಪುಸ್ತಕ ಮುಗಿಯುತ್ತದೆ. ಉಳಿದ ಎಂಟು ಶೇಕಡಾ ಕೃತಜ್ಞತೆ, ಲೇಖಕಿಯ ಪರಿಚಯ, ಅದೇ ಪ್ರಕಾಶಕರ ಬೇರೊಂದು ಪುಸ್ತಕದ ಆಯ್ದ ಭಾಗ. ಶೇಕಡಾವಾರು ಲೆಕ್ಕದಲ್ಲಿ ಇವೂ ಸೇರಿರುತ್ತವೆ. ವಿಷಯಸೂಚಿ ತೆರೆದು ಕೊನೆಯ ಅಧ್ಯಾಯ ಎಲ್ಲಿ ಮುಗಿಯುತ್ತದೆಂದು ಮೊದಲೇ ನೋಡಿಟ್ಟುಕೊಂಡರೆ ಈ ಮುಗ್ಗರಿಕೆ ತಪ್ಪುತ್ತದೆ. ಸರಣಿಯ ಮೊದಲ ಸಂಪುಟ ಎಲ್ಲವನ್ನೂ ಮುಗಿಸಬೇಕಿಲ್ಲ. ತಾನೇ ಎತ್ತಿದ ಒಂದು ಪ್ರಶ್ನೆಯನ್ನಾದರೂ ಮುಗಿಸಬೇಕು. ಇದು ತಾಯಿಯ ಬಳಿಗೆ ಮಗಳನ್ನು ಮರಳಿ ಕಳಿಸುವುದೂ ಇಲ್ಲ.

ಹಣ ವಾಪಸ್ ಸಿಗುತ್ತದೆಯೇ ಎಂದು ಕೇಳುವವರಿಗೆ: ಹಿಡಿಸಲಿಲ್ಲ ಎಂಬ ಕಾರಣಕ್ಕೆ ಮುದ್ರಿತ ಪ್ರತಿಯನ್ನು ಮಾರಾಟಗಾರರು ಸಾಮಾನ್ಯವಾಗಿ ಹಿಂದಕ್ಕೆ ಪಡೆಯುವುದಿಲ್ಲ, ಪುಟ ಹರಿದಿದ್ದರೆ, ತಪ್ಪು ಪ್ರತಿ ಬಂದಿದ್ದರೆ ಮಾತ್ರ. ಕಿಂಡಲ್ ಇ-ಪುಸ್ತಕ ಅಕಸ್ಮಾತ್ತಾಗಿ ಕೊಂಡದ್ದಾದರೆ 7 ದಿನದೊಳಗೆ ಮರಳಿಸುವ ಅವಕಾಶವಿದೆ. ಪೂರ್ತಿ ಓದಿ ಮರಳಿಸುವ ಚಾಳಿ ಹೆಚ್ಚಾದಾಗ ಲೇಖಕರ ಸಂಘಟನೆಗಳು ದನಿಯೆತ್ತಿದವು. 2022ರಲ್ಲಿ ಅಮೆಜಾನ್ 10 ಶೇಕಡಾಕ್ಕಿಂತ ಹೆಚ್ಚು ಓದಿದ್ದರೆ ತಾನಾಗಿ ಮರಳಿಸುವ ಸೌಲಭ್ಯ ಇರುವುದಿಲ್ಲ, ಸಿಬ್ಬಂದಿ ಪರಿಶೀಲಿಸುತ್ತಾರೆ ಎಂದು ಘೋಷಿಸಿತು. ನ್ಯಾಯವಾದದ್ದೇ, ಮರಳಿಸಿದ ಪ್ರತಿಯ ರಾಯಲ್ಟಿ ಲೇಖಕರ ಖಾತೆಯಿಂದ ಕಡಿತವಾಗುತ್ತದೆ. ಗ್ರಂಥಾಲಯದ ಲಿಬಿ ಆ್ಯಪ್ ಇರುವವರಿಗೆ ಈ ತಲೆನೋವೇ ಇಲ್ಲ, ಸರದಿಯಲ್ಲಿ ಕಾಯಬೇಕಷ್ಟೆ. ಸರದಿ ಬಂದಾಗ ಸಮಯವಿಲ್ಲದಿದ್ದರೆ ಜಾಗ ಕಳೆದುಕೊಳ್ಳದೆ ಮುಂದೂಡಲೂಬಹುದು.

ರಿವ್ಯೂ ಬರೆಯುವುದಾದರೆ ಮುಗಿಸಿದ ರಾತ್ರಿಯೇ ಬೇಡ. ಆಗ ಕೈಗೆ ಬರುವುದು ಕೊನೆಯ ಐವತ್ತು ಪುಟದ ಸಿಟ್ಟು ಮಾತ್ರ, ಮೊದಲ ಅರವತ್ತು ಪುಟಕ್ಕೆ ಅನ್ಯಾಯವಾಗುತ್ತದೆ. ನಕ್ಷತ್ರ ಹಾಕುವಾಗ ತಾಣದ ಅಳತೆ ಗಮನಿಸಿ. ಗುಡ್‌ರೀಡ್ಸ್‌ನಲ್ಲಿ ಅರ್ಧ ನಕ್ಷತ್ರವಿಲ್ಲ, ಎರಡು ಎಂದರೆ ಅಲ್ಲಿನ ಲೆಕ್ಕದಲ್ಲಿ "ಪರವಾಗಿಲ್ಲ", ಒಂದು ಎಂದರೆ ಮಾತ್ರ "ಹಿಡಿಸಲಿಲ್ಲ". ಅಂಥದೇ ಇನ್ನೊಂದು ತಾಣ ಸ್ಟೋರಿಗ್ರಾಫ್‌ನಲ್ಲಿ ಕಾಲು ನಕ್ಷತ್ರದ ಲೆಕ್ಕದಲ್ಲೂ ಕೊಡಬಹುದು, ಅರ್ಧಕ್ಕೆ ಬಿಟ್ಟದ್ದನ್ನು ಹಾಗೆಯೇ ನಮೂದಿಸಬಹುದು, ಕಥೆಯ ಓಟ ಹೇಗಿದೆ, ಪಾತ್ರಗಳು ಬೆಳೆಯುತ್ತವೆಯೇ ಎಂಬ ಪ್ರಶ್ನೆಗಳೂ ಇರುತ್ತವೆ. ಇಂಥ ಪುಸ್ತಕಕ್ಕೆ ಇದು ಹೆಚ್ಚು ಒಗ್ಗುತ್ತದೆ. ಹಾಳೆಯ ಮೂರನೇ ಕಲಂ ನೋಡಿ ತೀರದ ಮಾತುಗಳಲ್ಲಿ ಒಂದನ್ನೋ ಎರಡನ್ನೋ ಆರಿಸಿ, ಪುಟದ ಸಂಖ್ಯೆಯೊಡನೆ ಬರೆಯಿರಿ, ಕಥೆಯ ಗುಟ್ಟಿರುವ ಸಾಲಿಗೆ ಸ್ಪಾಯ್ಲರ್ ಮುಸುಕು ಹಾಕಿ. ಲೇಖಕರನ್ನು ಟ್ಯಾಗ್ ಮಾಡಬೇಡಿ. ರಿವ್ಯೂ ಬರೆಯುವುದು ಮುಂದೆ ಓದುವವರಿಗೆ.

ಈ ಪುಸ್ತಕಕ್ಕೆ ಎರಡೂಮುಕ್ಕಾಲು ಕೊಟ್ಟದ್ದಾಯಿತು, ಅದರಲ್ಲಿ ಒಂದೂವರೆ 41ನೇ ಪುಟದ್ದು. ಎರಡನೇ ಸಂಪುಟ ಬಂದಾಗ ಪ್ರೀ-ಆರ್ಡರ್ ಬೇಡ. ಸ್ಯಾಂಪಲ್ ಇಳಿಸಿಕೊಂಡು ಹುಡುಗಿ ಹಾಕುವ ಮೊದಲ ಗಂಟು ಹುಡುಕಿದರೆ ಸಾಕು. ಆ ಗಂಟಿಗೆ ಏನಾದರೂ ಹೋದರೆ, ಅಥವಾ ಏನೂ ಹೋಗದೆ ಇರುವುದೇ ಅವಳಿಗೊಂದು ತೊಡಕಾಗಿ ಕಂಡರೆ, ಗ್ರಂಥಾಲಯದ ಸರದಿಗೆ ಹೆಸರು ಹಚ್ಚುವುದು. ಮತ್ತೆ ರಾಜಕುಮಾರನ ಕಣ್ಣಿನ ಬಣ್ಣದಿಂದಲೇ ಶುರುವಾದರೆ ಮೊದಲ ಸಂಪುಟದ ಗಟ್ಟಿರಟ್ಟಿನ ಪ್ರತಿಯನ್ನು ಅದೇ ವಾರ ಸೆಕೆಂಡ್ ಹ್ಯಾಂಡ್ ಮಾರಾಟಕ್ಕೆ ಇಡುವುದು. ಸರಣಿ ಹೊಸದಾಗಿ ಹಿಡಿಯುವವರು ಮೊದಲ ಸಂಪುಟ ಹುಡುಕುವುದು ಆಗಲೇ. ರಟ್ಟಿನ ಮೇಲಿನ ಕಾಗದದ ಹೊದಿಕೆ ಹರಿಯದಂತೆ ಓದುವಾಗ ತೆಗೆದಿಟ್ಟಿರಿ, ಅದಿಲ್ಲದ ಪ್ರತಿಗೆ ಗಿರಾಕಿ ಕಡಿಮೆ.